ಮೇಲ್ದವಡೆಯ ಎಲುಬಿನ ಗಡ್ಡೆ: ತಪ್ಪು ಕಲ್ಪನೆ ಮತ್ತು ಸತ್ಯ

ಆಸಿಫೈಯಿಂಗ್ ಫೈಬ್ರೋಮಾ ದವಡೆಯಲ್ಲಿ ಬೆಳೆಯುವ ಅಪರೂಪದ, ಕ್ಯಾನ್ಸರ್ ಅಲ್ಲದ ಗಡ್ಡೆ. ಎಲುಬಿನ ಜಾಗವನ್ನು ನಾರಿನಂಥ ಅಂಗಾಂಶ ಆಕ್ರಮಿಸುತ್ತದೆ. ಅದರೊಳಗೆ ಎಲುಬಿನ ಸಣ್ಣ ಸಣ್ಣ ತುಣುಕುಗಳು ಗಟ್ಟಿಯಾಗುತ್ತ ಹೋಗುತ್ತವೆ. 20ರಿಂದ 40ರ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಕೆಳದವಡೆಗೆ ಹೋಲಿಸಿದರೆ ಮೇಲ್ದವಡೆಯಲ್ಲಿ ಕಾಣುವುದು ಕಡಿಮೆ.

ತಪ್ಪು ಕಲ್ಪನೆ: ಕೆನ್ನೆ ಊದಿದರೆ ಅದು ಹಲ್ಲಿನ ಬಾವೇ.
ಸತ್ಯ: ಹಲ್ಲಿನ ಬಾವು ಕೆಲವೇ ದಿನಗಳಲ್ಲಿ ಏರುತ್ತದೆ, ನೋಯುತ್ತದೆ, ಕೀವು ತುಂಬುತ್ತದೆ. ಈ ಗಡ್ಡೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಮೇಲಿನ ದವಡೆಹಲ್ಲಿನ ವಸಡಿನ ಮೇಲೆ ಬೆರಳಿಟ್ಟು ಒತ್ತಿದರೆ ಎಲುಬಿನಷ್ಟೇ ಗಟ್ಟಿಯಾದ ಉಬ್ಬು ತಾಗುತ್ತದೆ.

ತಪ್ಪು ಕಲ್ಪನೆ: ನೋವಿಲ್ಲದ ಗಡ್ಡೆಯಿಂದ ಅಪಾಯವಿಲ್ಲ.
ಸತ್ಯ: ಮೇಲ್ದವಡೆಯೊಳಗೆ ಗಾಳಿ ತುಂಬಿದ ಪೊಳ್ಳು ಜಾಗವಿದೆ. ಗಡ್ಡೆ ಅಲ್ಲಿ ಮರೆಯಾಗಿ ಬೆಳೆಯಬಲ್ಲದು. ಹಲ್ಲು ಸರಿಯುವುದು, ಒಂದು ಕಡೆಯ ಮೂಗು ಕಟ್ಟುವುದು, ಮುಖ ಒಂದು ಬದಿಗೆ ಉಬ್ಬುವುದು, ಕಣ್ಣುಗುಡ್ಡೆ ಮೇಲಕ್ಕೆ ತಳ್ಳಲ್ಪಡುವುದು ಇದರ ಪರಿಣಾಮಗಳು.

ತಪ್ಪು ಕಲ್ಪನೆ: ಗಡ್ಡೆ ಎಂದರೆ ಕ್ಯಾನ್ಸರ್.
ಸತ್ಯ: ಇದು ದೇಹದ ಬೇರೆ ಭಾಗಗಳಿಗೆ ಹರಡುವುದಿಲ್ಲ. ಆದರೆ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಕಾಣುವ ಒಂದು ಬಗೆ ಬೇಗ ಬೆಳೆಯುತ್ತದೆ, ತೆಗೆದ ಮೇಲೆ ಮರುಕಳಿಸಲೂಬಹುದು.

ತಪ್ಪು ಕಲ್ಪನೆ: ಚೂರು ತೆಗೆದು ಪರೀಕ್ಷಿಸಿದರೆ ರೋಗ ಹಬ್ಬುತ್ತದೆ.
ಸತ್ಯ: ಬಯಾಪ್ಸಿಯಿಂದ ಈ ಗಡ್ಡೆ ಹಬ್ಬುವುದಿಲ್ಲ. ಇದನ್ನೇ ಹೋಲುವ ಫೈಬ್ರಸ್ ಡಿಸ್‌ಪ್ಲೇಸಿಯಾ ಎಂಬ ಎಲುಬಿನ ತೊಂದರೆಯೂ ಇದೆ. ಸಿಟಿ ಸ್ಕ್ಯಾನ್‌ನಲ್ಲಿ ಆಸಿಫೈಯಿಂಗ್ ಫೈಬ್ರೋಮಾದ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದರ ಅಂಚು ಸುತ್ತಲಿನ ಎಲುಬಿನಲ್ಲಿ ಬೆರೆತುಹೋಗಿರುತ್ತದೆ. ಮೊದಲನೆಯದನ್ನು ಪೂರ್ತಿ ತೆಗೆಯಬೇಕು. ಎರಡನೆಯದರಲ್ಲಿ ಬೆಳವಣಿಗೆ ನಿಂತ ಮೇಲೆ ಉಬ್ಬನ್ನು ಕೆತ್ತಿ ಸರಿಪಡಿಸಿದರೆ ಅನೇಕ ವೇಳೆ ಸಾಕಾಗುತ್ತದೆ. ಆದ್ದರಿಂದ ರೋಗ ಯಾವುದೆಂದು ಮೊದಲೇ ಖಚಿತವಾಗಬೇಕು.

ತಪ್ಪು ಕಲ್ಪನೆ: ಲೇಪ, ಮಾತ್ರೆಗಳಿಂದ ಗಡ್ಡೆ ಕರಗುತ್ತದೆ.
ಸತ್ಯ: ಇದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು. ಚಿಕ್ಕದಿದ್ದಾಗ ಬಾಯೊಳಗಿನಿಂದಲೇ ಗಡ್ಡೆಯನ್ನು ಬಿಡಿಸಿ ತೆಗೆಯಬಹುದು. ಹೊರಗೆ ಕಲೆ ಉಳಿಯುವುದಿಲ್ಲ. ತಡಮಾಡಿದರೆ ದವಡೆಯ ಭಾಗವನ್ನೇ ಕತ್ತರಿಸಬೇಕಾದೀತು. ಆಗ ಅಂಗುಳಿನ ತೂತು ಮುಚ್ಚಲು ಕೃತಕ ತಟ್ಟೆ ಬೇಕಾಗಬಹುದು. ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವರ್ಷ ತಪಾಸಣೆ ತಪ್ಪಿಸಬಾರದು.

ಬೆಳಗಾವಿ ಜಿಲ್ಲೆಯ ಮುರಗೋಡ ಸುತ್ತಲಿನ ಹಳ್ಳಿಗಳವರು ಮೊದಲು ಬೈಲಹೊಂಗಲ ಅಥವಾ ಸವದತ್ತಿಯ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಬಹುದು. ಬೆಳಗಾವಿಯ ಕೆಎಲ್‌ಇ ವಿ.ಕೆ. ದಂತ ವಿಜ್ಞಾನ ಸಂಸ್ಥೆ ಹಾಗೂ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ವಿಭಾಗಗಳಿವೆ. ಎರಡು ವಾರ ಕಳೆದರೂ ಇಳಿಯದ ದವಡೆಯ ಊತವನ್ನು, ನೋವಿರಲಿ ಬಿಡಲಿ, ವೈದ್ಯರಿಗೆ ತೋರಿಸಲೇಬೇಕು.