ನೂರಿಪ್ಪತ್ತು ಬೀಗಗಳ ಲೆಕ್ಕ

ನಮ್ಮ ಮಾಮೂ ಅವರದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗ, ಅಂದರೆ ನಮ್ಮ ಭಾಯಿಜಾನ್, ಸ್ಟಾಕ್ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದಾರೆ. ಅದರಲ್ಲಿ ಬಟನ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆಯ ಮೇಲೆ ಐಟಂ ನಂಬರ್ ಕೇಳುತ್ತದೆ, ನಾವು ಟೈಪ್ ಮಾಡಿ ಎಂಟರ್ ಒತ್ತಬೇಕು. ಆಮೇಲೆ ಎಷ್ಟು ಮಾರಾಟವಾಯಿತು ಎಂದು ಕೇಳುತ್ತದೆ, ಆಮೇಲೆ ದರ. ಮತ್ತೆ ಮುಂದಿನ ಐಟಂ. ದಿನಕ್ಕೆ ಸುಮಾರು 65 ಸಾಲು. ಅಂಗಡಿಯ ಹುಡುಗ ಆ ಅಂಕಿಗಳನ್ನೆಲ್ಲ ಮೊಬೈಲ್‌ನಲ್ಲಿ ಬರೆದು ಕಳಿಸುತ್ತಿದ್ದ. ರಾತ್ರಿ ಅವನ್ನೇ ನಾನು ಎರಡನೇ ಸಲ ಟೈಪ್ ಮಾಡುತ್ತಿದ್ದೆ.

ಬೇಜಾರಾಗಿ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಉಬುಂಟುವಿನಲ್ಲಿ ಎಕೋ ಎಂಬ ಕಮಾಂಡ್ ನಾವು ಕೊಟ್ಟದ್ದನ್ನು ಹಾಗೇ ಹೊರಗೆ ಹೇಳುತ್ತದೆ. ಸ್ಲೀಪ್ ಎಂಬುದು ಹೇಳಿದಷ್ಟು ಸೆಕೆಂಡ್ ಸುಮ್ಮನಿರುತ್ತದೆ. ಇವೆರಡನ್ನೂ ಸಾಲಾಗಿ ಜೋಡಿಸಿ, ನಡುವೆ ಪೈಪ್ ಎಂಬ ನೆಟ್ಟಗಿನ ಗೆರೆ ಹಾಕಿದರೆ, ಹೊರಬಂದದ್ದೆಲ್ಲ ನಾವೇ ಟೈಪ್ ಮಾಡಿದಂತೆ ಮುಂದಿನ ಪ್ರೋಗ್ರಾಮ್‌ಗೆ ಹೋಗುತ್ತದೆ:

(ಎಕೋ 14; ಸ್ಲೀಪ್ 1; ಎಕೋ 6; ಸ್ಲೀಪ್ 1; ಎಕೋ 45; ಸ್ಲೀಪ್ 1) | ಸ್ಟಾಕ್

ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳೇ ಬೇಕು. ಒಂದು ಪ್ರೋಗ್ರಾಮಿನ ಉತ್ತರವನ್ನು ಇನ್ನೊಂದಕ್ಕೆ ಹರಿಸುವ ಈ ಪೈಪ್ ಡಗ್ ಮ್ಯಾಕ್‌ಇಲ್ರಾಯ್ ಎಂಬವರ ಯೋಚನೆ. 1973ರಲ್ಲಿ ಯುನಿಕ್ಸ್‌ಗೆ ಬಂತು, ಇಂದಿಗೂ ಹಾಗೇ ಇದೆ.

ಸ್ಕ್ರಿಪ್ಟ್ ಓಡಿತು. 65 ಸಾಲಿಗೆ ಮೂರು ಮೂರು ಉತ್ತರ, ಒಂದೊಂದಕ್ಕೂ ಒಂದು ಸೆಕೆಂಡ್. ಮೂರು ನಿಮಿಷ ಚಿಲ್ಲರೆ. ನಾನು ಖುಷಿಯಾಗಿದ್ದೆ, ಭಾಯಿಜಾನ್ ನಕ್ಕರು. “ಈ ಸ್ಲೀಪ್ ಎಲ್ಲ ಯಾಕೆ? ತೆಗೆದು ನೋಡು” ಎಂದರು. ತೆಗೆದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿಯಿತು!

ಪ್ರೋಗ್ರಾಮ್ ಕೇಳುವ ಮೊದಲೇ ಉತ್ತರ ಕಳಿಸಿದರೆ ಅದು ಕಳೆದುಹೋಗುತ್ತದೆ ಎಂದು ನಾನು ಹೆದರಿದ್ದೆ. ಹಾಗಾಗುವುದಿಲ್ಲ. ಪೈಪ್ ಎಂದರೆ ಕೊಳಾಯಿ ಮಾತ್ರವಲ್ಲ, ತೊಟ್ಟಿಯೂ ಹೌದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕೆಬಿಯಷ್ಟು ಅದರಲ್ಲಿ ನಿಲ್ಲುತ್ತದೆ. ಓದುವವರು ನಿಧಾನವಾದರೆ ಅಂಕಿಗಳು ಸರದಿಯಲ್ಲಿ ಕಾಯುತ್ತವೆ. ತೊಟ್ಟಿ ತುಂಬಿದರೆ ಕಳಿಸುವವರೇ ಕಾಯಬೇಕು.

ಹಾಗಾದರೆ ಸ್ಲೀಪ್ ಎಲ್ಲಿಗೆ ಬೇಕು? ಟೆಲ್ನೆಟ್‌ನಂತೆ ಬೇರೆ ಯಂತ್ರದೊಡನೆ ಮಾತಾಡುವ ಕಡೆ. ಆ ಕಡೆಯ ಯಂತ್ರ ಉತ್ತರ ಕೊಡುವ ಮೊದಲೇ ನಮ್ಮ ಪೈಪ್ ಮುಗಿದರೆ ಸಂಪರ್ಕ ಕಡಿದುಹೋಗಬಹುದು. ಅದಕ್ಕೇ ಕೊನೆಯಲ್ಲಿ ಒಂದು ಸ್ಲೀಪ್ ಇಡುತ್ತಾರೆ. ಇನ್ನು ಕೆಲವು ಪ್ರೋಗ್ರಾಮ್‌ಗಳು ಪ್ರಶ್ನೆ ಕೇಳುವುದಕ್ಕೆ ಮುಂಚೆ ಬಂದದ್ದನ್ನೆಲ್ಲ ಬಿಸಾಡುತ್ತವೆ, ಅಲ್ಲಿಯೂ ಬೇಕು. ಆದರೆ ಎಷ್ಟು ಸೆಕೆಂಡ್ ಎಂಬುದು ಬರೀ ಅಂದಾಜು. ಇವತ್ತು ಎರಡು ಸೆಕೆಂಡ್ ಸಾಕು, ನಾಳೆ ನೆಟ್‌ವರ್ಕ್ ನಿಧಾನವಾದರೆ ಸಾಲದು.

ಒಂದು ವಾರ ಎಲ್ಲ ಸರಿಯಾಗಿತ್ತು. ಒಂದು ಬೆಳಿಗ್ಗೆ ಮಾಮೂ ಪರದೆಯ ಮುಂದೆ ಕೂತು ಕರೆದರು. “ಬೇಟಾ, ನಿನ್ನೆ ನೂರಿಪ್ಪತ್ತು ಹಿತ್ತಾಳೆ ಬೀಗ ಮಾರಿದ್ದೀವಂತೆ. ಅಂಗಡಿಯಲ್ಲಿ ಇದ್ದದ್ದೇ ಹದಿನೈದಲ್ಲ?”

ಆಗಿದ್ದು ಇಷ್ಟು. ಸ್ಟಾಕ್ ಹತ್ತಕ್ಕಿಂತ ಕಡಿಮೆಯಾದರೆ “ಎಷ್ಟು ಆರ್ಡರ್ ಮಾಡಬೇಕು?” ಎಂದು ಕೇಳುವ ಹೊಸ ಪ್ರಶ್ನೆಯನ್ನು ಭಾಯಿಜಾನ್ ಸೇರಿಸಿದ್ದರು. ನನಗೆ ಗೊತ್ತಿರಲಿಲ್ಲ. ನನ್ನ ಸಾಲು 14, 6, 45. ಅದರ ಮುಂದಿನದು 22, 2, 120. ಆರು ಹಿಂಜ್ ಮಾರಿದ ಮೇಲೆ ಪ್ರೋಗ್ರಾಮ್ ಆರ್ಡರ್ ಎಷ್ಟು ಎಂದಿತು. ಸರದಿಯಲ್ಲಿದ್ದ 45, ಅಂದರೆ ದರ, ಅಲ್ಲಿಗೆ ಹೋಯಿತು. ದರ ಕೇಳಿದಾಗ 22 ಹೋಯಿತು. ಐಟಂ ನಂಬರ್ ಕೇಳಿದಾಗ 2 ಹೋಯಿತು, ಅದು ಹಿತ್ತಾಳೆ ಬೀಗ. ಎಷ್ಟು ಮಾರಿದಿರಿ ಎಂದಾಗ 120. ಎಲ್ಲವೂ ಅಂಕಿಯೇ ಆದ್ದರಿಂದ ಪ್ರೋಗ್ರಾಮ್ ಒಂದು ಕಡೆಯೂ ಎರರ್ ತೋರಿಸಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಎಷ್ಟು ಸಲ ಬರೆದುಕೊಂಡಿದ್ದೆನೋ. ಸ್ಲೀಪ್ ಇಟ್ಟಿದ್ದರೂ ಇದು ತಪ್ಪುತ್ತಿರಲಿಲ್ಲ. ತಡವಾಗಿ ತಪ್ಪಾಗುತ್ತಿತ್ತು, ಅಷ್ಟೆ.

ಹಿಂದಿನ ದಿನದ ಫೈಲಿನ ಪ್ರತಿ ಇದ್ದುದರಿಂದ ಬಚಾವಾದೆ. ಆ ಭಾನುವಾರ ಭಾಯಿಜಾನ್ ಎಕ್ಸ್‌ಪೆಕ್ಟ್ ಕಲಿಸಿದರು. ಡಾನ್ ಲಿಬ್ಸ್ ಎಂಬವರು ಅಮೆರಿಕದಲ್ಲಿ ಮಾಡಿದ ಇದು 1990ರಲ್ಲಿ ಬಂತು, ಅಂದರೆ ನಮಗಿಂತ ಬಹಳ ಹಿರಿಯದು. ಇದು ಗಡಿಯಾರ ನೋಡುವುದಿಲ್ಲ, ಪರದೆಯನ್ನು ಓದುತ್ತದೆ. “ದರ” ಎಂಬ ಪದ ಕಂಡರೆ ಮಾತ್ರ ದರ ಕಳಿಸು, “ಆರ್ಡರ್” ಕಂಡರೆ ಬೇರೆ ಉತ್ತರ ಕೊಡು ಎಂದು ಬರೆಯಬಹುದು. ಎಸ್‌ಎಸ್‌ಎಚ್‌ನಂಥ ಪ್ರೋಗ್ರಾಮ್ ಪಾಸ್‌ವರ್ಡನ್ನು ಪೈಪ್‌ನಿಂದ ತೆಗೆದುಕೊಳ್ಳುವುದೇ ಇಲ್ಲ, ನೇರ ಟರ್ಮಿನಲ್‌ನಿಂದ ಕೇಳುತ್ತದೆ. ಎಕ್ಸ್‌ಪೆಕ್ಟ್ ಒಂದು ಸುಳ್ಳು ಟರ್ಮಿನಲ್ ಕಟ್ಟಿ ಅದನ್ನೂ ನಂಬಿಸುತ್ತದೆ. ಹಾಗೆಂದು ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡಬೇಡಿ, ಫೈಲ್ ತೆರೆದವರೆಲ್ಲ ಓದುತ್ತಾರೆ.

ಇದರಲ್ಲೂ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಕಾಯುತ್ತಿದ್ದ ಪದ 10 ಸೆಕೆಂಡ್‌ನಲ್ಲಿ ಬಾರದಿದ್ದರೆ ಎಕ್ಸ್‌ಪೆಕ್ಟ್ ನಿಲ್ಲುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ. ಮತ್ತೆ ಅದೇ ಬೀಗದ ಕಥೆ. ಟೈಮ್‌ಔಟ್ ಆದರೆ ಹೊರಗೆ ಬಾ ಎಂದು ನಾವೇ ಬರೆಯಬೇಕು.

ಬರೆದಿದ್ದೇನೆ. ಹೋದ ವಾರ ನನ್ನ ಸ್ಕ್ರಿಪ್ಟ್ ಹನ್ನೊಂದನೇ ಸಾಲಿನಲ್ಲಿ ನಿಂತುಬಿಟ್ಟಿತು. ಪರದೆಯ ಮೇಲೆ “ಈ ನಂಬರಿನ ಐಟಂ ಇಲ್ಲ, ಹೊಸದಾಗಿ ಸೇರಿಸಬೇಕೆ?” ಎಂದಿತ್ತು. ಅಂಗಡಿಗೆ ಫೋನ್ ಮಾಡಿದೆ. ಹುಡುಗ 14 ಎನ್ನುವುದನ್ನು 41 ಎಂದು ಬರೆದಿದ್ದ.