ಒಂದು ವಾರದಲ್ಲಿ ಬೀಳಬೇಕಿದ್ದ ಜಲಾಲಾಬಾದ್

1989ರ ಮಾರ್ಚ್ 5ರಂದು ಇಸ್ಲಾಮಾಬಾದಿನಲ್ಲಿ ಒಂದು ಸಭೆ ಸೇರಿತು. ಪ್ರಧಾನಿ ಬೆನಜೀರ್ ಭುಟ್ಟೊ ಇದ್ದರು, ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಮುಖ್ಯಸ್ಥ ಹಮೀದ್ ಗುಲ್ ಇದ್ದರು, ಅಮೆರಿಕದ ರಾಯಭಾರಿ ರಾಬರ್ಟ್ ಓಕ್ಲಿ ಕೂಡ ಇದ್ದರು. ಗಡಿಯಾಚೆಗಿನ ಜಲಾಲಾಬಾದಿನ ಮೇಲೆ ಆಫ್ಘನ್ ಬಂಡುಕೋರರಾದ ಮುಜಾಹಿದೀನರು ದಂಡೆತ್ತಿ ಹೋಗಬೇಕೆಂದು ತೀರ್ಮಾನವಾಯಿತು. ಒಂದೇ ವಾರದಲ್ಲಿ ಊರು ಬೀಳುತ್ತದೆಂದು ಗುಲ್ ಮಾತು ಕೊಟ್ಟರಂತೆ. ಹೋಗಿ ಸಾಯಬೇಕಾದ ಆಫ್ಘನ್ನರ ಪೈಕಿ ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ. ಮರುತಿಂಗಳು ‘ನ್ಯೂಯಾರ್ಕ್ ಟೈಮ್ಸ್’ ಇದನ್ನೆಲ್ಲ ಬಯಲಿಗೆಳೆಯುವ ಹೊತ್ತಿಗೆ ಗುಲ್ ಹೇಳಿದ ವಾರ ಎಂದೋ ಮುಗಿದಿತ್ತು.

ಇಂಥ ಅವಸರ ಯಾಕೆ? ಫೆಬ್ರುವರಿ 15ರಂದು ಜನರಲ್ ಗ್ರೊಮೊವ್ ಅಮು ದರಿಯಾದ ಸೇತುವೆ ದಾಟುವುದರೊಂದಿಗೆ ಸೋವಿಯತ್ ಸೇನೆ ಆಫ್ಘಾನಿಸ್ತಾನದಿಂದ ಕಾಲ್ತೆಗೆದಿತ್ತು. ಕಾಬೂಲಿನಲ್ಲಿ ಸೋವಿಯತ್ ಬೆಂಬಲದ ನಜೀಬುಲ್ಲಾ ಸರ್ಕಾರದ ದಿನ ಎಣಿಸುತ್ತ ಕೂತವರಿಗೆ ಲೆಕ್ಕವಿಲ್ಲ. ಅದೇ ತಿಂಗಳು ಪೇಶಾವರದ ಏಳು ಬಂಡುಕೋರ ಪಕ್ಷಗಳನ್ನು ರಾವಲ್ಪಿಂಡಿಯಲ್ಲಿ ಕೂಡಿಹಾಕಿ ಒಂದು ಮಧ್ಯಂತರ ಸರ್ಕಾರ ಹುಟ್ಟಿಸಲಾಯಿತು. ಸಿಬ್ಘತುಲ್ಲಾ ಮುಜದ್ದಿದಿ ಅಧ್ಯಕ್ಷ, ಸಯ್ಯಾಫ್ ಪ್ರಧಾನಿ, ಹೆಕ್ಮತ್ಯಾರ್ ವಿದೇಶಾಂಗ ಸಚಿವ. ಖಾತೆ ಹಂಚಿಕೆಯೆಲ್ಲ ಆಯಿತು, ಆಳಲು ಒಂದು ಊರು ಮಾತ್ರ ಇರಲಿಲ್ಲ. ಸ್ವಂತ ನೆಲದಲ್ಲಿ ಕೂರದ ಸರ್ಕಾರಕ್ಕೆ ಜಗತ್ತು ಮನ್ನಣೆ ಕೊಡುವುದೂ ಕಷ್ಟ. ಪಾಕಿಸ್ತಾನದ ಗಡಿಗೆ ಹತ್ತಿರವಿದ್ದ ದೊಡ್ಡ ಪಟ್ಟಣವೆಂದರೆ ನಂಗರ್‌ಹಾರ್ ಪ್ರಾಂತ್ಯದ ರಾಜಧಾನಿ ಜಲಾಲಾಬಾದ್.

ಎಂಥ ಊರು ಅದು! ಕಾಬೂಲ್ ನದಿಯ ದಡದಲ್ಲಿ ಕಿತ್ತಳೆ ಜಾತಿಯ ನಾರಂಜ್ ಗಿಡಗಳು ಹೂಬಿಟ್ಟರೆ ಅಲ್ಲಿ ಕವಿಗಳು ಸೇರಿ ಮುಶಾಯಿರಾ ನಡೆಸುತ್ತಾರೆ. ನಮ್ಮ ಪಠ್ಯಪುಸ್ತಕಗಳ ಗಡಿನಾಡ ಗಾಂಧಿ, ಖಾನ್ ಅಬ್ದುಲ್ ಗಫಾರ್ ಖಾನ್, ಮಲಗಿರುವುದೂ ಅಲ್ಲಿಯೇ. 1988ರ ಜನವರಿಯಲ್ಲಿ ಅವರ ಪಾರ್ಥಿವ ಶರೀರ ಪೇಶಾವರದಿಂದ ಖೈಬರ್ ಕಣಿವೆ ದಾಟಿ ಬಂದಾಗ ಯುದ್ಧದಲ್ಲಿದ್ದ ಎರಡೂ ಕಡೆಯವರು ಬಂದೂಕು ಕೆಳಗಿಟ್ಟರು. ಆದರೂ ಅಂತ್ಯಕ್ರಿಯೆಯ ಜಾಗದಲ್ಲಿ ಬಾಂಬ್ ಸಿಡಿದು ಹತ್ತಾರು ಜನ ಸತ್ತರು. ಅಹಿಂಸೆಗೆಂದು ಆಯುಷ್ಯದ ದೊಡ್ಡ ಪಾಲನ್ನು ಜೈಲಿನಲ್ಲಿ ಸವೆಸಿದವರಿಗೆ ಸಿಕ್ಕ ಬೀಳ್ಕೊಡುಗೆ ಅದು. ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಊರಿಗೆ ಮುತ್ತಿಗೆ.

ಮೊದಮೊದಲು ಎಲ್ಲವೂ ಗುಲ್ ಹೇಳಿದಂತೆಯೇ ನಡೆಯಿತು. ಊರಿನ ಆಗ್ನೇಯಕ್ಕಿದ್ದ ಸಮರ್‌ಖೇಲ್ ಸೇನಾನೆಲೆ ಬೇಗ ಕೈಗೆ ಬಂತು, ಬಂಡುಕೋರರು ವಿಮಾನ ನಿಲ್ದಾಣದ ಅಂಚಿಗೂ ಮುಟ್ಟಿದರು. ಆಮೇಲೆ ಒಂದು ಹೆಜ್ಜೆ ಮುಂದಿಡಲಾಗಲಿಲ್ಲ. ಬೆಟ್ಟದ ಮರೆಯಿಂದ ಹೊಡೆದು ಮಾಯವಾಗುವ ಕಾಳಗದಲ್ಲಿ ಪಳಗಿದವರನ್ನು ಬಟಾಬಯಲಲ್ಲಿ ನೆಲಬಾಂಬು, ಟ್ಯಾಂಕುಗಳೆದುರು ತಂದು ನಿಲ್ಲಿಸಲಾಗಿತ್ತು. ಕಾಬೂಲಿನ ಕಡೆಯಿಂದ ಸ್ಕಡ್ ಕ್ಷಿಪಣಿಗಳು ಬರತೊಡಗಿದವು. ಒಟ್ಟು 400ಕ್ಕೂ ಹೆಚ್ಚು. ಏಳು ಪಕ್ಷಕ್ಕೂ ಸೇರಿ ಒಬ್ಬ ಸೇನಾಪತಿ ಇರಲಿಲ್ಲ. ಒಂದು ಗುಂಪು ನುಗ್ಗಿದ ದಿನ ಇನ್ನೊಂದು ಗುಂಪು ಬಿಡಾರದಲ್ಲಿ ಚಹಾ ಕಾಯಿಸುತ್ತಿತ್ತು. ಕಾಬೂಲಿನ ಹೆದ್ದಾರಿಯನ್ನು ಗಟ್ಟಿಯಾಗಿ ಮುಚ್ಚಲೂ ಆಗದೆ, ಒಳಗಿನವರಿಗೆ ಸಾಮಾನು ಸರಂಜಾಮು ಬರುತ್ತಲೇ ಇತ್ತು. ಉತ್ತರದಲ್ಲಿದ್ದ ಬಂಡುಕೋರ ದಳಪತಿ ಅಹ್ಮದ್ ಶಾ ಮಸೂದ್‌ಗೆ ಯಾರೂ ಮುಂಚಿತವಾಗಿ ಸುದ್ದಿಯನ್ನೇ ಮುಟ್ಟಿಸಿರಲಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಬೇರೊಂದಿತ್ತು. ಹಿಂದಿನ ನವೆಂಬರಿನಲ್ಲಿ ತೋರ್ಖಮ್ ಗಡಿಯ ಬಳಿ ಶರಣಾಗಿದ್ದ ಹತ್ತಾರು ಸರ್ಕಾರಿ ಸೈನಿಕರನ್ನು ಬಂಡುಕೋರರು ಕೊಂದುಹಾಕಿದ್ದರು. ಕೈ ಎತ್ತಿದರೂ ಸಾವು ತಪ್ಪದು ಎಂದು ಗೊತ್ತಾದ ಮೇಲೆ ಯಾವ ಸೈನಿಕ ತಾನೆ ಕೈ ಎತ್ತುತ್ತಾನೆ? ಜಲಾಲಾಬಾದನ್ನು ಕಾಯ್ದದ್ದರಲ್ಲಿ ಸ್ಕಡ್‌ಗಳ ಪಾಲೆಷ್ಟೋ, ಈ ಭಯದ ಪಾಲೂ ಅಷ್ಟೇ ಎಂದು ನನಗೆ ಅನ್ನಿಸುತ್ತದೆ.

ಈ ಇಡೀ ಗದ್ದಲದಲ್ಲಿ ನನ್ನನ್ನು ಸೆಳೆಯುವ ವ್ಯಕ್ತಿ ಅಬ್ದುಲ್ ಹಕ್. ನಂಗರ್‌ಹಾರ್‌ನದೇ ಮನೆತನದ ಹುಡುಗ, ವಯಸ್ಸು 30ರ ಆಸುಪಾಸು, ಆಳು ದಪ್ಪ. ನೆಲಬಾಂಬಿಗೆ ಒಂದು ಪಾದ ಕಳೆದುಕೊಂಡರೂ ಕಾಬೂಲಿನ ಸುತ್ತ ಯುದ್ಧ ನಡೆಸುತ್ತಿದ್ದ ದಳಪತಿ. ರೇಗನ್, ಥ್ಯಾಚರ್ ಇಬ್ಬರನ್ನೂ ಕಂಡು ಮಾತಾಡಿ ಬಂದಿದ್ದರು. ಸಾಮಾನ್ಯ ಜನರಿಂದ ತುಂಬಿದ ಊರಿಗೆ ನೇರವಾಗಿ ನುಗ್ಗುವುದು ಮೂರ್ಖತನ, ಒಳಗಿನ ಸೈನ್ಯ ತಾನಾಗಿ ಮುರಿದು ಈಚೆ ಬರುವಂತೆ ಮಾಡಬೇಕು ಎನ್ನುವುದು ಅವರ ಪಟ್ಟು. ಎಂದೂ ಯುದ್ಧ ಸೋಲದ ಆಫ್ಘನ್ನರು ಎಂದೂ ಯುದ್ಧ ಗೆಲ್ಲದ ಪಾಕಿಸ್ತಾನಿಗಳ ಅಪ್ಪಣೆಯಂತೆ ಯಾಕೆ ಕಾದಾಡಬೇಕು ಎಂದು ಅವರು ಕೇಳಿದ್ದಾಗಿ ಹೇಳುತ್ತಾರೆ. ಮಾತಿನಲ್ಲಿ ಜಂಬ ಇದೆ, ಇರಲಿ. ಹಣ, ಮದ್ದುಗುಂಡು ಹಂಚುವ ಕೈ ಐಎಸ್‌ಐಯದಾಗಿದ್ದಾಗ ಇಷ್ಟು ಬಾಯಿಬಿಟ್ಟು ಹೇಳಿದವರು ಎಷ್ಟು ಮಂದಿ?

ಜುಲೈ ಹೊತ್ತಿಗೆ ಸಮರ್‌ಖೇಲ್ ಮತ್ತೆ ಸರ್ಕಾರದ ಕೈಸೇರಿತು. ಬಂಡುಕೋರರಲ್ಲಿ ಸತ್ತವರು, ಗಾಯಗೊಂಡವರು ಸೇರಿ 3,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಗುಲ್ ಅವರನ್ನು ಬೆನಜೀರ್ ಮೇ ತಿಂಗಳಲ್ಲೇ ಐಎಸ್‌ಐಯಿಂದ ಎತ್ತಂಗಡಿ ಮಾಡಿದ್ದರು. ನಜೀಬುಲ್ಲಾ ಮಾತ್ರ ಇನ್ನೂ ಮೂರು ವರ್ಷ ಕುರ್ಚಿ ಬಿಡಲಿಲ್ಲ.

1992ರ ಏಪ್ರಿಲ್‌ನಲ್ಲಿ ಆ ಸರ್ಕಾರ ಕುಸಿದಾಗ ಜಲಾಲಾಬಾದ್ ಕಾಳಗವಿಲ್ಲದೆ, ಮಾತುಕತೆಯಲ್ಲೇ ಕೈಬದಲಾಯಿತು. ಗವರ್ನರ್ ಆದವರು ಹಾಜಿ ಅಬ್ದುಲ್ ಖದೀರ್, ಅಬ್ದುಲ್ ಹಕ್ ಅವರ ಅಣ್ಣ. ಅಬ್ದುಲ್ ಹಕ್ ಅವರನ್ನು 2001ರ ಅಕ್ಟೋಬರಿನಲ್ಲಿ ತಾಲಿಬಾನಿಗಳು ಹಿಡಿದು ಕೊಂದರು. ಮರುವರ್ಷ ಅಣ್ಣನಿಗೂ ಕಾಬೂಲಿನಲ್ಲಿ ಗುಂಡು ಬಿತ್ತು. ಇನ್ನು ಆ ವಿಮಾನ ನಿಲ್ದಾಣ. 1989ರ ಮುತ್ತಿಗೆಯಲ್ಲಿ ಒಬ್ಬ ಅರಬ್ ಶ್ರೀಮಂತನೂ ತನ್ನ ಹುಡುಗರನ್ನು ಕಟ್ಟಿಕೊಂಡು ಬಂದು, ಹಲವರನ್ನು ಕಳೆದುಕೊಂಡು ಮರಳಿದ್ದ. 1996ರ ಮೇ ತಿಂಗಳಲ್ಲಿ ಸುಡಾನ್ ಅವನನ್ನು ಹೊರಹಾಕಿದಾಗ ಬಂದಿಳಿದದ್ದು ಜಲಾಲಾಬಾದಿಗೇ. ಹೆಸರು ಒಸಾಮಾ ಬಿನ್ ಲಾಡೆನ್.