ಶಾಲೆ ಎಂದರೆ ಹೊಟ್ಟೆನೋವು, ರಜೆ ಎಂದರೆ ಮಾಯ: ಹದಿಹರೆಯದವರ ಆತಂಕ ಗುರುತಿಸುವುದು ಹೇಗೆ?

ಮುಂಬೈ: ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಹತ್ತಿರವಾದಂತೆ ಕೆಲವು ಮಕ್ಕಳಿಗೆ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ವಾಕರಿಕೆ ಶುರುವಾಗುತ್ತದೆ. ಶಾಲೆಗೆ ಹೋಗುವುದು ಬೇಡ ಎಂದರೆ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಮನೆಯವರು ಅಸಿಡಿಟಿ ಎಂದು ಮಾತ್ರೆ ಕೊಡುತ್ತಾರೆ, ಇಲ್ಲವೇ ನಾಟಕ ಎಂದು ಗದರುತ್ತಾರೆ. ಆದರೆ ಮಗು ನಾಟಕವಾಡುತ್ತಿಲ್ಲ. ಆತಂಕವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಹೊಟ್ಟೆ ಕೆಡುತ್ತದೆ. ನೋವು ನಿಜವಾದದ್ದೇ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಹಳ್ಳಿಗಳಲ್ಲಿ ಇದು ಶೇ 6.9, ಮಹಾನಗರಗಳಲ್ಲಿ ಶೇ 13.5.

ಪರೀಕ್ಷೆಯ ಭಯ ಎಲ್ಲರಿಗೂ ಇರುತ್ತದೆ, ಪರೀಕ್ಷೆ ಮುಗಿದರೆ ಹೋಗುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಗೆಳೆಯರನ್ನು ದೂರವಿಟ್ಟರೆ, ಲೋಕಲ್ ರೈಲು ಹತ್ತಲು ಹಿಂಜರಿದರೆ ಗಮನ ಕೊಡಬೇಕು. ಸಿಟ್ಟೂ ಒಂದು ಲಕ್ಷಣ. ಗಂಡುಮಕ್ಕಳ ವಿಷಯದಲ್ಲಂತೂ ಅದನ್ನು 'ವಯಸ್ಸೇ ಅಂಥದ್ದು' ಎಂದು ತಳ್ಳಿಹಾಕುವುದೇ ಹೆಚ್ಚು.

ಇಲ್ಲಿ ಪ್ರೀತಿಯ ಪೋಷಕರೇ ಎಡವುವುದುಂಟು. ಹೆದರಿಕೆ ಎಂದಾಗಲೆಲ್ಲ ಮನೆಯಲ್ಲೇ ಉಳಿಸಿಕೊಂಡರೆ ಮಗುವಿಗೆ ಆ ಹೊತ್ತಿಗೆ ಹಾಯೆನಿಸುತ್ತದೆ. ಆದರೆ ತಪ್ಪಿಸಿಕೊಂಡರೇ ಸುರಕ್ಷಿತ ಎಂದು ಮನಸ್ಸು ಕಲಿಯುತ್ತದೆ, ಮರುದಿನ ಶಾಲೆ ಇನ್ನಷ್ಟು ಭಯ ಹುಟ್ಟಿಸುತ್ತದೆ. ಬಲವಂತವಾಗಿ ದಬ್ಬುವುದೂ ಬೇಡ. ಶಿಕ್ಷಕರ ಜತೆ ಮಾತನಾಡಿ ಮೊದಲು ಎರಡು ಪೀರಿಯಡ್, ಆಮೇಲೆ ಅರ್ಧ ದಿನ ಎಂದು ಹಂತ ಹಂತವಾಗಿ ಕಳುಹಿಸುವುದು ಒಳ್ಳೆಯದು. ಕಾರಣ ಶಾಲೆಯಲ್ಲಿನ ಕೀಟಲೆ, ಹಿಂಸೆಯಾಗಿದ್ದರೆ ಮೊದಲು ಅದು ನಿಲ್ಲಬೇಕು.

ಒಂದೇ ಕೋಣೆಯ ಚಾಳಿನ ಮನೆಯಲ್ಲಿ ಅಜ್ಜಿ, ತಮ್ಮ, ಪಕ್ಕದವರ ಎದುರು ಮಗು ಬಾಯಿ ಬಿಡುವುದಿಲ್ಲ. ರಾತ್ರಿ ಊಟದ ನಂತರ ಜತೆಗೆ ನಡೆಯುತ್ತಾ ಕೇಳಿದರೆ ಮಾತು ಹೊರಡಬಹುದು. ಮಧ್ಯೆ ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳುವುದು ಕಷ್ಟ, ಆದರೆ ಅದೇ ಮುಖ್ಯ.

ಭಾರತದ ಮೊದಲ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ 1937ರಲ್ಲಿ ಇದೇ ನಗರದಲ್ಲಿ, ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಶುರುವಾಗಿತ್ತು. ಇಂದು ಪಾಲಿಕೆಯ ಕೆಇಎಂ, ನಾಯರ್, ಸಯಾನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮಕ್ಕಳ ಆತಂಕಕ್ಕೆ ಸಾಮಾನ್ಯವಾಗಿ ಕೌನ್ಸೆಲಿಂಗ್‌ನಿಂದಲೇ ಚಿಕಿತ್ಸೆ ಆರಂಭವಾಗುತ್ತದೆ, ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಪೋಷಕರು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡವನ್ನೇ ಆಯ್ದುಕೊಳ್ಳಬಹುದು. ಉಚಿತ ಸೇವೆ, ದಿನದ 24 ಗಂಟೆಯೂ ಲಭ್ಯ.

ಸಾಯುವ ಮಾತು ಬಂದರೆ ಮಾತ್ರ ಕಾಯಬಾರದು. ಆ ಬಗ್ಗೆ ನೇರವಾಗಿ ಕೇಳಿದರೆ ಮಗುವಿನ ತಲೆಯಲ್ಲಿ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.